ಹೊಳೆಯ ಆಚೆಯ ಯಜ್ಞವೇದಿ: ಸಭೆಯ ಸೇವಕರ ನಡುವೆ ತಪ್ಪು ತಿಳುವಳಿಕೆ ಬಂದಾಗ

ವಾಕ್ಯಭಾಗ: ಯೆಹೋಶುವ 22ನೇ ಅಧ್ಯಾಯ, ಅಪೊಸ್ತಲರ ಕೃತ್ಯಗಳು 6:1-7 ಮತ್ತು 15:36-41

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಬೆಳಿಗ್ಗೆ ಬೇಗ ಎದ್ದು ಬಸ್ ಹಿಡಿದು ಬಂದ ಪಾಸ್ಟರ್‌ಗಳಿಗೆ, ಸಭಾ ಹಿರಿಯರಿಗೆ, ಸಂಡೇ ಸ್ಕೂಲ್ ಟೀಚರ್‌ಗಳಿಗೆ, ಹಾಡಿನ ತಂಡದವರಿಗೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿರುವ ಅಕ್ಕಂದಿರಿಗೆ ವಂದನೆಗಳು. ದೇವರಿಗೆ ಸ್ತೋತ್ರ. ಆಮೆನ್ ಅನ್ನಿರಿ.

ಇವತ್ತಿನ ಪಾಠ ಹೊರಗಿನವರಿಗಲ್ಲ, ನಮಗೇ. ಸೇವೆ ಮಾಡುವವರಿಗೆ. ನಮ್ಮ ಈ ಐದು ತಾಲೂಕುಗಳ ಸಭೆಗಳಲ್ಲಿ ಸಂಬಳ ತೆಗೆದುಕೊಂಡು ಸೇವೆ ಮಾಡುವವರು ಎಷ್ಟು ಮಂದಿ? ಬೆರಳಲ್ಲಿ ಎಣಿಸಬಹುದು. ಉಳಿದವರೆಲ್ಲ ಆರು ದಿನ ಕಬ್ಬಿನ ಹೊಲದಲ್ಲಿ, ಸಕ್ಕರೆ ಫ್ಯಾಕ್ಟರಿಯಲ್ಲಿ, ನಿಪ್ಪಾಣಿಯಲ್ಲಿ ತಂಬಾಕಿನ ಕೆಲಸದಲ್ಲಿ, ಅಥಣಿಯಲ್ಲಿ ಚಪ್ಪಲಿ ಹೊಲಿಯುತ್ತಾ ದುಡಿದು, ಏಳನೇ ದಿನ ಬಂದು ಚಾಪೆ ಹಾಸುತ್ತಾರೆ, ಡೋಲಕ್ ಬಾರಿಸುತ್ತಾರೆ, ಮಕ್ಕಳಿಗೆ ವಾಕ್ಯ ಬಾಯಿಪಾಠ ಮಾಡಿಸುತ್ತಾರೆ. ಯಾರೂ ಅವರಿಗೆ ರೊಕ್ಕ ಕೊಡುವುದಿಲ್ಲ. ಅದಕ್ಕೇ ಇಲ್ಲಿ ಮನಸ್ಸು ಬೇಗ ನೋಯುತ್ತದೆ. ಸಂಬಳದ ಕೆಲಸ ಹೋದರೆ ರೊಕ್ಕ ಹೋಯಿತು ಅಷ್ಟೇ. ಸೇವೆ ಕೈತಪ್ಪಿದರೆ, ದೇವರಿಗೇ ನಾನು ಬೇಡವಾದೆನೇನೋ ಅನ್ನಿಸುತ್ತದೆ.

ಒಂದು ಸಣ್ಣ ವಿಷಯ ಹೇಳ್ತೀನಿ. ನಮ್ಮ ಒಂದು ಸಭೆಯಲ್ಲಿ ಒಬ್ಬ ವಯಸ್ಸಾದ ತಾಯಿ ಇದ್ದಾರೆ, ಎಲ್ಲರೂ ಆಯಿ ಅಂತ ಕರೀತೀವಿ. ಭಾನುವಾರ ಆರಾಧನೆ ಮುಗಿದ ಮೇಲೆ ಚಹಾ ಮಾಡುವುದು ಎಷ್ಟೋ ವರ್ಷಗಳಿಂದ ಅವರ ಸೇವೆ. ಅವರಿಗೆ ಮೊಣಕಾಲು ನೋವು ಶುರುವಾಯಿತು. ಹಿರಿಯರು ಕೂತು, ಪಾಪ, ಆಯಿಗೆ ಯಾಕೆ ತೊಂದರೆ ಅಂತ ಇಬ್ಬರು ಸೊಸೆಯಂದಿರಿಗೆ ಆ ಕೆಲಸ ಒಪ್ಪಿಸಿದರು. ಪ್ರೀತಿಯಿಂದಲೇ ಮಾಡಿದರು. ಆದರೆ ಆಯಿಗೆ ಹೇಳುವುದನ್ನು ಒಬ್ಬರ ಮೇಲೆ ಒಬ್ಬರು ಬಿಟ್ಟರು. ಭಾನುವಾರ ಆಯಿ ಮನೆಯಿಂದ ಹಾಲಿನ ಕ್ಯಾನ್ ಹಿಡಿದುಕೊಂಡು ಬಂದು ನೋಡಿದರೆ, ಒಲೆ ಆಗಲೇ ಹೊತ್ತಿದೆ. ಕ್ಯಾನ್ ಅಲ್ಲೇ ಇಟ್ಟು ಹಿಂದಿನ ಸಾಲಿನಲ್ಲಿ ಹೋಗಿ ಕೂತರು. ಮುಂದಿನ ಎರಡು ತಿಂಗಳು ಬರಲಿಲ್ಲ. ನಾವು ಜ್ವರ ಇರಬೇಕು ಅಂದುಕೊಂಡು ಅವರಿಗಾಗಿ ಪ್ರಾರ್ಥನೆ ಬೇರೆ ಮಾಡಿದೆವು! ಕಡೆಗೆ ನಾನು ಮನೆಗೆ ಹೋದಾಗ ಆ ತಾಯಿ ಕೇಳಿದ್ದು ಒಂದೇ ಮಾತು: "ಯಾಕ್ರಿ ಪಾಸ್ಟರ್, ನನ್ನ ಕೈಯಿ ಚಹಾ ರುಚಿ ಇರಲಿಲ್ಲೇನ್ರಿ?"

ಅಲ್ಲಿ ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಹೇಳುವವರು ಮಾತ್ರ ಇರಲಿಲ್ಲ. ಆಯಿಯೂ ಬಂದು ಕೇಳಲಿಲ್ಲ.

ಈಗ ಯೆಹೋಶುವ 22ನೇ ಅಧ್ಯಾಯ ತೆಗೆಯಿರಿ. ಈ ಅಧ್ಯಾಯದ ಮೇಲೆ ಪ್ರಸಂಗ ಕೇಳಿದವರು ನಮ್ಮಲ್ಲಿ ಕಡಿಮೆ. ಯೆರಿಕೋವಿನ ಗೋಡೆ ಬಿದ್ದದ್ದು ಎಲ್ಲರಿಗೂ ಗೊತ್ತು. ಒಳಗಿನ ಗೋಡೆ ಏಳುವುದರಲ್ಲಿತ್ತು, ಅದು ಹೇಗೆ ತಪ್ಪಿತು ಅನ್ನುವುದು ಇಲ್ಲಿದೆ.

ರೂಬೇನ್ಯರು, ಗಾದ್ಯರು, ಮನಸ್ಸೆಯ ಅರ್ಧ ಕುಲದವರು, ಇವರಿಗೆ ಯೊರ್ದನಿನ ಪೂರ್ವ ದಡದಲ್ಲೇ ಪಾಲು ಸಿಕ್ಕಿತ್ತು. ಆದರೂ ಮೋಶೆಗೆ ಮಾತು ಕೊಟ್ಟಿದ್ದರು. ಹೆಂಡತಿ ಮಕ್ಕಳನ್ನು, ದನಕರುಗಳನ್ನು ಆಚೆ ಬಿಟ್ಟು, ಅಣ್ಣತಮ್ಮಂದಿರ ಪಾಲಿಗಾಗಿ ಹೊಳೆ ದಾಟಿ ಬಂದು ಯುದ್ಧ ಮಾಡಿದರು. ತಮಗಾಗಿ ಅಲ್ಲ, ನೋಡಿರಿ. ಇವರೇ ಸ್ವಯಂಸೇವಕರು! ಕೆಲಸ ಮುಗಿದ ಮೇಲೆ ಯೆಹೋಶುವನು ಅವರನ್ನು ಆಶೀರ್ವದಿಸಿ ಕಳುಹಿಸಿದ. ಹೋಗುವ ದಾರಿಯಲ್ಲಿ ಯೊರ್ದನಿನ ಹತ್ತಿರ ಅವರು ಒಂದು ದೊಡ್ಡ ಯಜ್ಞವೇದಿ ಕಟ್ಟಿದರು.

ಈಚೆಯವರಿಗೆ ಸುದ್ದಿ ಮುಟ್ಟಿತು. ಯಾರು ಹೇಳಿದರು ಅಂತ ವಾಕ್ಯದಲ್ಲಿ ಹೆಸರಿಲ್ಲ. ಇಂಥ ಸುದ್ದಿ ತರುವವರ ಹೆಸರು ಯಾವಾಗಲೂ ಇರುವುದಿಲ್ಲ ಬಿಡಿ. ಒಂದೇ ದೇವರು, ಒಂದೇ ಗುಡಾರ, ಒಂದೇ ಯಜ್ಞವೇದಿ ಇರಬೇಕಾದಲ್ಲಿ ಇವರು ಎರಡನೆಯದನ್ನು ಕಟ್ಟಿದ್ದಾರೆ ಅಂದರೆ ಬೇರೆ ಆದರು, ದ್ರೋಹ ಮಾಡಿದರು ಎಂದು ಇಡೀ ಸಮೂಹ ಶಿಲೋವಿನಲ್ಲಿ ಯುದ್ಧಕ್ಕೆ ಕೂಡಿತು. ನಿನ್ನೆ ಮೊನ್ನೆ ಪಕ್ಕದಲ್ಲಿ ನಿಂತು ಹೋರಾಡಿದವರ ಮೇಲೆ!

ಆದರೆ ಕತ್ತಿ ಎತ್ತುವ ಮೊದಲು ಒಂದು ಒಳ್ಳೆಯ ಕೆಲಸ ಮಾಡಿದರು. ಯಾಜಕನಾದ ಎಲ್ಲಾಜಾರನ ಮಗ ಫೀನೆಹಾಸನನ್ನೂ, ಅವನ ಜೊತೆಗೆ ಕುಲಕ್ಕೊಬ್ಬನಂತೆ ಹತ್ತು ಮಂದಿ ಪ್ರಧಾನರನ್ನೂ ಆಚೆಗೆ ಕಳುಹಿಸಿದರು. ಹೋದವರು ಮೆತ್ತಗೆ ಮಾತಾಡಲಿಲ್ಲ, ಗಟ್ಟಿಯಾಗಿಯೇ ಕೇಳಿದರು. 19ನೇ ವಚನಕ್ಕೆ ಗೆರೆ ಎಳೆಯಿರಿ. ನಿಮ್ಮ ಸೀಮೆ ಅಶುದ್ಧ ಅನ್ನಿಸಿದರೆ ನಮ್ಮ ಕಡೆಗೇ ಬನ್ನಿ, ನಮ್ಮ ನಡುವೆಯೇ ಪಾಲು ತೆಗೆದುಕೊಳ್ಳಿ ಅನ್ನುವ ಅರ್ಥದ ಮಾತು ಅಲ್ಲಿದೆ. ಜಗಳಕ್ಕೆ ಹೋದವರು ತಮ್ಮ ಜಮೀನು ಬಿಟ್ಟುಕೊಡಲು ತಯಾರಾಗಿ ಹೋಗಿದ್ದರು! ನಾವು ಒಬ್ಬ ಹಿರಿಯರನ್ನು ವಿಚಾರಿಸಲು ಹೋಗುವಾಗ ಏನು ಕೊಡಲು ತಯಾರಾಗಿ ಹೋಗ್ತೀವಿ? ಹೆಚ್ಚಾಗಿ ಕೈಯಲ್ಲಿ ಅವರ ತಪ್ಪುಗಳ ಪಟ್ಟಿ ಮಾತ್ರ ಇರುತ್ತದೆ.

ಆಚೆಯವರ ಉತ್ತರ ಏನು? ಇದು ಬಲಿ ಕೊಡಲಿಕ್ಕೆ ಕಟ್ಟಿದ್ದಲ್ಲ. ಮುಂದೊಂದು ದಿನ ನಿಮ್ಮ ಮಕ್ಕಳು ನಮ್ಮ ಮಕ್ಕಳಿಗೆ, ನಡುವೆ ಯೊರ್ದನ್ ಇದೆ, ನಿಮಗೂ ಯೆಹೋವನಿಗೂ ಏನು ಸಂಬಂಧ ಎಂದು ಕೇಳಬಹುದು ಅನ್ನುವ ಹೆದರಿಕೆಯಿಂದ ಸಾಕ್ಷಿಗಾಗಿ ಕಟ್ಟಿದೆವು. ಅಂದರೆ ಬೇರೆ ಆಗಲಿಕ್ಕೆ ಕಟ್ಟಿದ್ದಲ್ಲ, ಬೇರೆ ಆಗಬಾರದೆಂದು ಕಟ್ಟಿದ್ದು. ಈಚೆಯವರಿಗೆ ಕಂಡದ್ದು ಪೂರಾ ಉಲ್ಟಾ. ಕಲ್ಲು ಕಣ್ಣಿಗೆ ಕಂಡಿತು, ಹೆದರಿಕೆ ಕಾಣಲಿಲ್ಲ. ಫೀನೆಹಾಸನು ಕೇಳಿ ಒಪ್ಪಿದ, ಹಿಂದಿರುಗಿ ವರದಿ ಕೊಟ್ಟ, ಯುದ್ಧದ ಮಾತು ಅಲ್ಲಿಗೇ ನಿಂತಿತು.

ಈ ಅಧ್ಯಾಯ ನನ್ನನ್ನು ಯಾಕೆ ಇಷ್ಟು ಹಿಡಿದುಕೊಂಡಿದೆ ಅಂದರೆ, ನಮಗೂ ಒಂದು ಯೊರ್ದನ್ ಇದೆ. ಕೃಷ್ಣಾ ಹೊಳೆ. ಅಥಣಿ, ಕಾಗವಾಡ ಆಚೆ ದಡಕ್ಕೆ. ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಈಚೆ. ಬೇಸಿಗೆಯಲ್ಲಿ ಅದು ಏನೂ ಅಲ್ಲ, ಕುಡಚಿಯಿಂದ ಉಗಾರಕ್ಕೆ ಮಾತಾಡ್ತಾ ಮಾತಾಡ್ತಾ ಹೋಗಿಬಿಡ್ತೀವಿ. ಮಳೆಗಾಲದಲ್ಲಿ ಸೇತುವೆ ಮುಳುಗಿತು ಅಂದರೆ ಎರಡು ದೇಶ.

2019ರ ಆಗಸ್ಟ್ ತಿಂಗಳು ನೆನಪಿಸಿಕೊಳ್ಳಿರಿ. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಉಕ್ಕಿ ಬಂದವು. ನಮ್ಮ ಎಷ್ಟೋ ವಿಶ್ವಾಸಿಗಳ ಮನೆ ಬಿದ್ದವು, ಶಾಲೆಗಳಲ್ಲಿ ಗಂಜಿ ಕೇಂದ್ರ ತೆರೆದರು. ನಾವು ಹಿರಿಯರು ಫೋನಿನಲ್ಲೇ ಮಾತಾಡಿ, ಪರಿಹಾರ ಕೊಡುವ ಜವಾಬ್ದಾರಿಯನ್ನು ಈಚೆ ದಡದ ಒಬ್ಬ ಹಿರಿಯರಿಗೆ ಒಪ್ಪಿಸಿದೆವು. ಹೆಸರು ಬೇಡ, ಕಾಕಾ ಅಂತೀನಿ. ಕಾಕಾ ಮನೆಮನೆ ತಿರುಗಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಕ್ಕಿ, ಚಾದರ ಕೂಡಿಸಿದರು. ಸಭೆಯ ಹಾಲ್ ತುಂಬಿತು. ಆದರೆ ಆಚೆ ದಾಟಿಸಲು ದಾರಿ ಇಲ್ಲ, ನೀರು ಇಳಿಯಲಿ ಅಂತ ಕಾಯ್ತಾ ಕೂತರು.

ಮೂರನೇ ದಿನ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಆಚೆ ದಡದಲ್ಲಿ ಒಂದು ಟೆಂಪೊ, ಅದರ ತುಂಬ ದಿನಸಿ, ಮುಂದೆ ಒಂದು ಬ್ಯಾನರ್. ಬ್ಯಾನರ್ ಮೇಲೆ ಆಚೆಯ ನಮ್ಮ ಸಹೋದರ ನಡೆಸುವ ಮನೆಸಭೆಯ ಹೆಸರು, ಅವನದೇ ನಂಬರು. ಅವನನ್ನು ಅಣ್ಣಾ ಅನ್ನೋಣ. ನಮ್ಮ ಸಭೆಯ ಹೆಸರಿಲ್ಲ, ಕಾಕಾನ ಹೆಸರಿಲ್ಲ.

ಕಾಕಾ ನನಗೆ ಫೋನ್ ಮಾಡಿ ಅಂದರು: "ಪಾಸ್ಟರ್, ಈ ಸೇವೆ ನನಗ ಕೊಟ್ಟಿದ್ರೋ, ಅವಂಗ ಕೊಟ್ಟಿದ್ರೋ? ಅವಂಗ ಕೊಡೂದಿದ್ರ ನಮ್ಮ ಹೆಣ್ಮಕ್ಕಳ ಕೈಲೆ ರಾತ್ರಿ ಎಲ್ಲ ರೊಟ್ಟಿ ಯಾಕ ಬಡಿಸಿದ್ರಿ?" ನಾನು ಆಗ ಏನು ಮಾಡಬೇಕಿತ್ತು? ಅಣ್ಣಾನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಬೇರೆ ಇಬ್ಬರು ಪಾಸ್ಟರ್‌ಗಳಿಗೆ ಮಾಡಿದೆ. "ಫೋಟೋ ನೋಡಿದ್ರೇನ್ರಿ? ಪ್ರಾರ್ಥನೆಗೋಸ್ಕರ ಹೇಳ್ತೀನಿ ಅಷ್ಟ." ಪ್ರಿಯರೇ, ನಮ್ಮ ಎಷ್ಟು ಚಾಡಿ ಮಾತುಗಳು ಪ್ರಾರ್ಥನೆಯ ಅಂಗಿ ಹಾಕಿಕೊಂಡು ತಿರುಗ್ತಾವೆ ಗೊತ್ತೇನು? ಸಂಜೆಯೊಳಗೆ ಅಣ್ಣಾ ಬೇರೆ ಸಭೆ ಕಟ್ಟಿದ ಅನ್ನುವ ಸುದ್ದಿ ಐದೂ ತಾಲೂಕಿಗೆ ಹಬ್ಬಿತು. ಅವನ ಕಿವಿಗೂ ಬಿತ್ತು. ಅವನು ಗ್ರೂಪ್ ಬಿಟ್ಟು ಹೊರಗೆ ಹೋದ. ನೋಡಿದಿರಾ, ಹೇಳಿದ ಹಾಗೆಯೇ ಆಯಿತು ಅಂದೆವು.

ಒಂದು ವರ್ಷ ದಾಟಿತು. 2020ರಲ್ಲಿ ಲಾಕ್‌ಡೌನ್ ಬಂತು, ಕೂಡುವುದೇ ನಿಂತಿತು. ಮಾತಾಡದೇ ಇರುವುದಕ್ಕೆ ಎಲ್ಲರಿಗೂ ಒಂದು ಒಳ್ಳೆಯ ಕಾರಣ ಸಿಕ್ಕಿತು. ಆ ಇಬ್ಬರೂ ಒಂದೇ ಮೇಜಿನಲ್ಲಿ ರೊಟ್ಟಿ ಮುರಿದು ಎಷ್ಟೋ ದಿನವಾಗಿತ್ತು. ಆ ಸಮಯದಲ್ಲಿ ನಾನು ಬೆಳಿಗ್ಗೆ ಓದುವಾಗ ಈ 22ನೇ ಅಧ್ಯಾಯ ಬಂತು. ಓದಿ ಪುಸ್ತಕ ಮುಚ್ಚಿದೆ. ಕರ್ತರು ಮುಚ್ಚಲು ಬಿಡಲಿಲ್ಲ.

2021ರ ಜನವರಿಯಲ್ಲಿ ನಾನು, ಕಾಕಾ, ಇನ್ನೊಬ್ಬ ಹಿರಿಯರು ಮೂವರೂ ಅಣ್ಣಾನ ಮನೆಗೆ ಹೋದೆವು. ಮೊದಲೇ ಹೇಳಿಯೇ ಹೋದೆವು, ಹಿಡಿಯಲು ಬಂದವರಂತೆ ಹೋಗಲಿಲ್ಲ. ಅವನ ಹೆಂಡತಿ ನೀರು ಕೊಟ್ಟಳು, ಅವನು ಮುಖ ಕೊಟ್ಟು ಮಾತಾಡಲಿಲ್ಲ. ನಾನೇ ಕೇಳಿದೆ, "ಅಣ್ಣಾ, ಆ ಬ್ಯಾನರ್ ಯಾಕ ಮಾಡಿಸಿದ್ರಿ?" ಅವನು ನಕ್ಕು ಅಂದ, "ಇದನ್ನ ಕೇಳಾಕ ಇಷ್ಟ ದಿನ ಬೇಕಾತ್ರೇನು?"

ಆದದ್ದು ಇಷ್ಟು. ಟೆಂಪೊದವನು, ಬ್ಯಾನರ್ ಇಲ್ಲದಿದ್ದರೆ ದಾರಿಯಲ್ಲಿ ಎಲ್ಲರೂ ನಿಲ್ಲಿಸಿ ಕೇಳ್ತಾರ, ಒಂದು ಕಟ್ಟಿರಿ ಅಂದ. ಫ್ಲೆಕ್ಸ್ ಅಂಗಡಿಯವನು ಹೆಸರು, ನಂಬರು ಹೇಳ್ರಿ ಅಂದ. ಊರಲ್ಲಿ ಕರೆಂಟ್ ಇಲ್ಲ, ಚಾರ್ಜ್ ಇದ್ದದ್ದು ಇವನ ಫೋನ್ ಒಂದೇ. ಅದೇ ನಂಬರು ಹಾಕಿಸಿದ. ದಿನಸಿ ಎಲ್ಲಿಂದ ಬಂತು? ಅವನ ಹೆಂಡತಿಯ ತವರಿನವರು ಕೊಟ್ಟದ್ದು. ಆಮೇಲೆ ಅವನು ಇನ್ನೊಂದು ಮಾತು ಹೇಳಿದ, ಅದು ನನ್ನ ಎದೆಗೆ ನಾಟಿತು. "ಪಾಸ್ಟರ್, ಹಿಂದಿನ ರಾತ್ರಿ ನಿಮಗ ಎರಡು ಸಲ ಫೋನ್ ಹಚ್ಚಿದ್ದೆ. ಕಾಕಾನ ನಂಬರು ಹತ್ತಲಿಲ್ಲ. ನಿಮ್ಮನ್ನ ಕೇಳಿ ಮಾಡಬೇಕು ಅಂತಿದ್ದೆ. ನೀವು ಎತ್ತಲಿಲ್ಲ."

ಹೌದು. ನನಗೆ ನೆನಪಿತ್ತು. ಆ ದಿನ ಎಷ್ಟೋ ಫೋನ್ ಬಂದಿದ್ದವು. ಎರಡು ಮಿಸ್ಡ್ ಕಾಲ್ ಅವನದೇ ಅಂತ ನೋಡಿಯೂ, ಬೆಳಿಗ್ಗೆ ಮಾಡಿದರಾಯಿತು ಅಂತ ಮಲಗಿದ್ದೆ. ಬೆಳಿಗ್ಗೆ ಮರೆತೆ. ಫೋಟೋ ಬಂದಾಗ ಆ ಎರಡು ಕಾಲ್ ನೆನಪಾದವು, ಆದರೆ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕಾಕಾನ ಸಿಟ್ಟು ನನ್ನ ಮೇಲೆ ಬರ್ತಿತ್ತು. ಆ ಮನೆಯಲ್ಲಿ, ಆ ಇಬ್ಬರ ಮುಂದೆ, ನಾನು ಇದನ್ನು ಒಪ್ಪಿಕೊಂಡೆ. ಒಂದು ವರ್ಷ ಮೇಲೆ ಎಲ್ಲರೂ ಅಣ್ಣಾನನ್ನೂ ಕಾಕಾನನ್ನೂ ಒಂದುಮಾಡಲು ನನ್ನನ್ನು ಮಧ್ಯಸ್ಥ ಮಾಡಿದ್ದರು, ತಪ್ಪು ಮಾಡಿದವನು ಮಧ್ಯದಲ್ಲೇ ಕೂತಿದ್ದ.

ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಣ್ಣಾನನ್ನು ಕೇಳಿದರು, "ಅದೆಲ್ಲ ಇರಲಿ. ನಮ್ಮ ಸಭೆ ಹೆಸರಾದ್ರೂ ಯಾಕ ಹಾಕಿಸಲಿಲ್ಲ?" ಅಣ್ಣಾ ಹೇಳಿದ, "ನೀವು ಈಚೆ ದಡದಾಗ ಬಾಳ ಮಂದಿ ಅದೀರಿ. ನಾವು ಅಲ್ಲಿ ಹತ್ತು ಹನ್ನೆರಡು ಮನಿ. ಮೀಟಿಂಗ್ ಎಲ್ಲ ನಿಮ್ಮ ಕಡೆ, ನಿರ್ಣಯ ಎಲ್ಲ ನಿಮ್ಮ ಕಡೆ. ಆಚೆಯವರೂ ಸಭೆನಾಗ ಅದಾರ ಅನ್ನೂದು ಯಾರಿಗರೆ ಗೊತ್ತಾಗಲಿ ಅಂತ ನಮ್ಮ ಹೆಸರು ಹಾಕಿಸಿದೆ." ನನಗೆ ಮೈ ಜುಮ್ಮಂದಿತು. ಯೆಹೋಶುವ 22:24 ಅವನು ಓದಿರಲಿಲ್ಲ. ಅದೇ ಮಾತು!

ಇದರ ಮೇಲೆ ನಾವು ಸ್ವಲ್ಪ ವಿಚಾರ ಮಾಡಬೇಕು. ಕಾಗವಾಡ ಮೊದಲು ಅಥಣಿ ತಾಲೂಕಿನೊಳಗೇ ಇತ್ತು, ನಿಪ್ಪಾಣಿ ಚಿಕ್ಕೋಡಿಯೊಳಗೆ. ದೂರದ ಊರಿನವರು ಒಂದು ಕಾಗದಕ್ಕೂ ಅಷ್ಟು ದೂರ ಹೋಗಬೇಕಿತ್ತು, ಅದಕ್ಕೇ ನಮಗೆ ಬೇರೆ ತಾಲೂಕು ಬೇಕು ಅಂತ ಕೇಳಿದರು. ಅದನ್ನು ಯಾರೂ ದ್ರೋಹ ಅನ್ನಲಿಲ್ಲ. ಸಭೆಯಲ್ಲಿ ಮಾತ್ರ ದೂರದವನು ತನ್ನ ಹೆಸರು ಬರೆದರೆ ದ್ರೋಹ ಅನ್ನಿಸುತ್ತದೆ. ಒಬ್ಬ ಸೇವಕ ತನ್ನದೇ ಬೋರ್ಡ್ ಹಾಕಿಕೊಂಡ ಅಂದರೆ, ಅಹಂಕಾರವೂ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಮರೆತುಬಿಟ್ಟಾರೆಂಬ ಹೆದರಿಕೆಯೂ ಇರಬಹುದು. ಹೊಳೆಯ ಈಚೆಯಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ದಾಟಿ ಹೋಗಿ ಕೇಳಿದರೇ ಗೊತ್ತಾಗುವುದು.

ಈಗ ಅಪೊಸ್ತಲರ ಕೃತ್ಯಗಳು 6. ಇಲ್ಲಿಯೂ ದಿನಸಿ ಹಂಚುವ ವಿಷಯವೇ, ಭಾಷೆಯ ವಿಷಯವೇ. ಗ್ರೀಕ್ ಮಾತಾಡುವ ಯೆಹೂದ್ಯರು ಇಬ್ರಿಯರ ಮೇಲೆ ಗೊಣಗುಟ್ಟಿದರು, ನಮ್ಮ ವಿಧವೆಯರನ್ನು ದಿನದಿನದ ಹಂಚಿಕೆಯಲ್ಲಿ ಬಿಟ್ಟುಬಿಡ್ತಾರೆ ಅಂತ. ನಿಪ್ಪಾಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿ ಹಾಡು ಒಂದು, ಕನ್ನಡ ಹಾಡು ನಾಲ್ಕು ಅಂತ ಲೆಕ್ಕ ಹಾಕಿದವರನ್ನು ನಾನು ನೋಡಿದ್ದೀನಿ. ಅಪೊಸ್ತಲರು ಏನು ಮಾಡಿದರು? ಗೊಣಗಿದವರು ಆತ್ಮಿಕರಲ್ಲ ಅನ್ನಲಿಲ್ಲ. ಪ್ರಾರ್ಥನೆ ಮಾಡಿರಿ, ಎಲ್ಲ ಸರಿಹೋಗ್ತದೆ ಅಂತ ಕಳುಹಿಸಲಿಲ್ಲ. ಪವಿತ್ರಾತ್ಮನಿಂದ ತುಂಬಿದ ಆ ಸಭೆಯಲ್ಲಿಯೂ ಹಂಚಿಕೆಯಲ್ಲಿ ಲೋಪ ಆಗಬಹುದು ಅಂತ ಒಪ್ಪಿಕೊಂಡು, ಎಲ್ಲರನ್ನೂ ಕರೆದು, ನೀವೇ ಏಳು ಮಂದಿಯನ್ನು ಆರಿಸಿರಿ ಅಂದರು.

ಆ ಏಳು ಹೆಸರು ಓದಿರಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು! ಕೊನೆಯವನಂತೂ ಅಂತಿಯೋಕ್ಯದವನು, ಯೆಹೂದ್ಯ ಮತಕ್ಕೆ ಸೇರಿದ ಅನ್ಯಜನ. ಗೊಣಗಿದವರ ಕಡೆಯವರ ಕೈಗೇ ಕಣಜದ ಕೀಲಿಕೈ ಕೊಟ್ಟರು ಅಂತ ನನಗೆ ಅನ್ನಿಸುತ್ತದೆ. ನಾವಾದರೆ ಎಷ್ಟು ಹೆದರ್ತೀವಿ! ದೂರು ಹೇಳಿದವನಿಗೆ ಕೆಲಸ ಕೊಟ್ಟರೆ ತಲೆಮೇಲೆ ಕೂತಾನು ಅಂತೀವಿ. ಏಳನೇ ವಚನ ಏನು ಹೇಳುತ್ತದೆ ನೋಡಿರಿ, ವಾಕ್ಯ ಹಬ್ಬಿತು, ಶಿಷ್ಯರ ಸಂಖ್ಯೆ ಹೆಚ್ಚಿತು.

ಇನ್ನೊಂದು. ಹಂಚುವ ಕೆಲಸಕ್ಕೂ, ಅಪೊಸ್ತಲರ ವಾಕ್ಯಸೇವೆಗೂ ಗ್ರೀಕ್ ಭಾಷೆಯಲ್ಲಿ ಒಂದೇ ಶಬ್ದ ಇಟ್ಟಿದ್ದಾನೆ ಲೂಕ, ದಿಯಾಕೊನಿಯಾ. ಮೈಕ್ ಹಿಡಿಯುವುದು ದೊಡ್ಡ ಕರೆ, ಚಹಾ ಮಾಡುವುದು ಸಣ್ಣ ಕರೆ ಅನ್ನುವ ಲೆಕ್ಕ ನಾವು ಹಾಕಿಕೊಂಡದ್ದು. ಆಯಿಯ ಒಲೆಯೂ ದಿಯಾಕೊನಿಯಾವೇ.

ಈಗ ಸ್ವಲ್ಪ ಕಠಿಣವಾದ ಮಾತು. ಪೆಂತೆಕೊಸ್ತಿನವರಾದ ನಮ್ಮಲ್ಲೇ ಬರುವ ತೊಡಕು. ಒಬ್ಬ ತಮ್ಮ ಬಂದು, "ಪಾಸ್ಟರ್, ಯೂತ್ ಮೀಟಿಂಗ್ ನಾನೇ ನಡೆಸಬೇಕು ಅಂತ ಕರ್ತರು ನನ್ನ ಸಂಗಡ ಮಾತಾಡಿದ್ರು" ಅಂತಾನೆ. ಹಿರಿಯರು ಹಿಂದಿನ ವಾರವೇ ಬೇರೊಬ್ಬ ತಂಗಿಗೆ ಆ ಕೆಲಸ ಒಪ್ಪಿಸಿದ್ದಾರೆ. ಈಗ ಯಾರು ಸುಳ್ಳು? ಹಿರಿಯರು ಬೇಡ ಅಂದರೆ ದೇವರನ್ನೇ ಬೇಡ ಅಂದ ಹಾಗೆ ಅವನಿಗೆ ಕಾಣುತ್ತದೆ. ಹೂಂ ಅಂದರೆ ಆ ತಂಗಿ ಅಳುತ್ತಾಳೆ.

ಅಪೊಸ್ತಲರ ಕೃತ್ಯಗಳು 13ರಲ್ಲಿ ಪವಿತ್ರಾತ್ಮನು ಬಾರ್ನಬ ಸೌಲರನ್ನು ಕರೆದಾಗ ಆ ಮಾತು ಅವರಿಬ್ಬರ ಕಿವಿಯಲ್ಲಿ ಗುಟ್ಟಾಗಿ ಬರಲಿಲ್ಲ. ಉಪವಾಸ ಮಾಡುತ್ತಿದ್ದ ಐದು ಮಂದಿ ಕೂಡಿದ್ದಾಗ ಬಂತು. ಬಂದ ಮೇಲೂ ಮತ್ತೆ ಉಪವಾಸ ಮಾಡಿದರು, ಪ್ರಾರ್ಥಿಸಿದರು, ಕೈ ಇಟ್ಟರು, ಆಮೇಲೆ ಕಳುಹಿಸಿದರು. 1 ಕೊರಿಂಥ 14:29 ಪ್ರವಾದನೆಯನ್ನು ಉಳಿದವರು ವಿವೇಚಿಸಬೇಕು ಅನ್ನುತ್ತದೆ. ಆದ್ದರಿಂದ ಆ ತಮ್ಮನಿಗೆ ನಾನು ಹೇಳುವುದು, ನಿನ್ನ ಸಂಗಡ ಕರ್ತರು ಮಾತಾಡಿಲ್ಲ ಅಂತ ನಾನು ಅನ್ನುವುದಿಲ್ಲ. ನಮ್ಮ ಸಂಗಡವೂ ಮಾತಾಡಲು ಅವರಿಗೆ ಸಮಯ ಕೊಡು. ನಿಜವಾದ ಕರೆ ಒಂದು ವರ್ಷ ಕಾದರೆ ಹಳಸಿ ಹೋಗುವುದಿಲ್ಲ.

ಆದರೆ ಹಿರಿಯರಿಗೂ ಒಂದು ಮಾತು. ಮರಾಠಿ ಬಲ್ಲವರಿಗೆ ಕೇಡಗಾವದ ಮುಕ್ತಿ ಮಿಷನ್ ಗೊತ್ತಿರುತ್ತದೆ. ನಮ್ಮ ಕರ್ನಾಟಕದ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆಯ ಹತ್ತಿರ ನಡೆಸಿದ ಆಶ್ರಮ ಅದು. 1905ರಲ್ಲಿ ಅವರು, ಹಳ್ಳಿಗಳಿಗೆ ಹೋಗಿ ಸುವಾರ್ತೆ ಸಾರಲು ಯಾರು ಮುಂದೆ ಬರ್ತೀರಿ ಎಂದು ಕೇಳಿದಾಗ 30 ಯುವತಿಯರು ತಾವಾಗಿಯೇ ಎದ್ದರು, ದಿನಾಲೂ ಕೂಡಿ ಪ್ರಾರ್ಥಿಸತೊಡಗಿದರು. ಅದೇ ವರ್ಷ ಜೂನ್ 29ರ ಬೆಳಗಿನ ಜಾವ ಅವರಲ್ಲಿ ಒಬ್ಬಳ ಮೇಲೆ ಆತ್ಮನ ಬೆಂಕಿ ಇಳಿಯಿತು. ಪಕ್ಕದಲ್ಲಿ ಮಲಗಿದ್ದವಳು ಎದ್ದು ನೋಡಿ, ಇವಳಿಗೆ ನಿಜವಾಗಿ ಬೆಂಕಿ ಹತ್ತಿದೆ ಅಂದುಕೊಂಡು ಓಡಿಹೋಗಿ ಬಕೆಟ್ ನೀರು ತಂದಳು! ಸುರಿಯುವಷ್ಟರಲ್ಲಿ ಗೊತ್ತಾಯಿತಂತೆ. ಅಲ್ಲಿದ್ದ ಮಿಷನರಿ ಮಿನ್ನಿ ಏಬ್ರಮ್ಸ್ ಇದನ್ನು ಬರೆದಿಟ್ಟಿದ್ದಾರೆ. ನೀರು ತಂದವಳ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಗೆಳತಿಯನ್ನು ಉಳಿಸಲಿಕ್ಕೇ ಓಡಿದ್ದಳು. ಹಿರಿಯರೇ, ನಾವೂ ಸಭೆಯನ್ನು ಉಳಿಸಲಿಕ್ಕೇ ಬಕೆಟ್ ಹಿಡಿದು ಓಡ್ತೀವಿ. ಸುರಿಯುವ ಮೊದಲು ಹತ್ತಿರ ಹೋಗಿ ನೋಡ್ತೀವೋ ಇಲ್ಲವೋ? ಎಲ್ದಾದ್ ಮೇದಾದರು ಪಾಳೆಯದಲ್ಲಿ ಪ್ರವಾದಿಸಿದಾಗ ಯೆಹೋಶುವನೇ ಮೋಶೆಗೆ, ಅವರನ್ನು ತಡೆಯಿರಿ ಅಂದಿದ್ದ. ಅರಣ್ಯಕಾಂಡ 11. ಮೋಶೆ ಬಕೆಟ್ ಹಿಡಿಯಲಿಲ್ಲ.

ಎಲ್ಲ ಜಗಳವೂ ಕಾಕಾ ಅಣ್ಣಾನ ಜಗಳದಂತೆ ಮುಗಿಯುವುದಿಲ್ಲ, ಇದನ್ನೂ ಹೇಳಬೇಕು. ಪೌಲ ಬಾರ್ನಬರು ಮಾರ್ಕನ ವಿಷಯದಲ್ಲಿ ಎಷ್ಟು ಜಗಳವಾಡಿದರು ಅಂದರೆ ಬೇರೆ ಬೇರೆ ದಾರಿ ಹಿಡಿದರು. ಅಲ್ಲಿ ತಪ್ಪು ತಿಳುವಳಿಕೆ ಇರಲಿಲ್ಲ, ಇಬ್ಬರಿಗೂ ವಿಷಯ ಪೂರ್ತಿ ಗೊತ್ತಿತ್ತು. ಮಾರ್ಕ ಪಂಫುಲ್ಯದಲ್ಲಿ ಕೆಲಸ ಬಿಟ್ಟು ಹೋಗಿದ್ದ. ಪೌಲ ಕೆಲಸವನ್ನು ನೋಡಿದ, ಬಾರ್ನಬ ಹುಡುಗನನ್ನು ನೋಡಿದ. ಮಾರ್ಕ ಬಾರ್ನಬನ ಸಂಬಂಧಿಕ ಅಂತ ಕೊಲೊಸ್ಸೆ 4:10ರಲ್ಲಿದೆ. ತನ್ನವನು ಅಂತ ಎಳೀತಾನೆ ಅಂತ ಅಂತಿಯೋಕ್ಯದಲ್ಲಿ ಯಾರೋ ಅಂದಿದ್ದರೂ ನನಗೆ ಆಶ್ಚರ್ಯವಿಲ್ಲ, ನಮ್ಮಲ್ಲಿ ಅನ್ನದೇ ಬಿಡ್ತಾರೇನು? ಯಾರು ಸರಿ ಅಂತ ಲೂಕ ಬರೆದಿಲ್ಲ. ನನ್ನನ್ನು ಕೇಳಿದರೆ, ಆ ಪ್ರಯಾಣದ ಮಟ್ಟಿಗೆ ಪೌಲ ಸರಿ, ಆ ಹುಡುಗನ ಮಟ್ಟಿಗೆ ಬಾರ್ನಬ ಸರಿ. ವರ್ಷಗಳ ಮೇಲೆ ಅದೇ ಪೌಲ ಸೆರೆಯಿಂದ 2 ತಿಮೊಥೆಯ 4:11ರಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಗೆ ಉಪಯುಕ್ತ ಅನ್ನುವ ಹಾಗೆ ಬರೆದ. ಬೇರೆಯಾದ ಮೇಲೂ ಒಬ್ಬರ ಮೇಲೊಬ್ಬರು ಪ್ರಸಂಗಪೀಠದಿಂದ ಕಲ್ಲು ಎಸೆಯಲಿಲ್ಲ, ಅದಕ್ಕೇ ಹಿಂದಿರುಗುವ ದಾರಿ ಉಳಿದಿತ್ತು. ಹೆಸರು ಹೇಳದೆ ಭಾನುವಾರದ ಪ್ರಸಂಗದಲ್ಲಿ ಒಬ್ಬನಿಗೆ ತಿವಿಯುವುದಿದೆಯಲ್ಲ, ಅದನ್ನು ನಾನೂ ಮಾಡಿದ್ದೀನಿ. ಎಲ್ಲರಿಗೂ ಗೊತ್ತಾಗುತ್ತದೆ ಯಾರಿಗೆ ಅಂತ. ಮತ್ತಾಯ 18:15 ಮೊದಲು ನೀನೂ ಅವನೂ ಇಬ್ಬರೇ ಇರುವಾಗ ಅನ್ನುತ್ತದೆ, ನಾವು ಮೈಕ್‌ನಿಂದ ಶುರು ಮಾಡ್ತೀವಿ.

ಈಗ ನಮ್ಮ ಹಿರಿಯರೆಲ್ಲ ಕೂಡಿ ಒಪ್ಪಿಕೊಂಡ ರೀತಿಯನ್ನು ಹೇಳ್ತೀನಿ, ಹೊಸಬರಿಗೆ ಗೊತ್ತಿರಲಿ. ಯಾರಿಗಾದರೂ ಸೇವೆ ಕೊಡುವಾಗ ಪಾಸ್ಟರ್ ಅವರ ಮನೆಗೆ ಹೋಗಬೇಕು. ಮನೆಯವರ ಎದುರಿಗೇ, ಏನು ಕೆಲಸ, ಯಾರನ್ನು ಕೇಳಿ ಮಾಡಬೇಕು, ರೊಕ್ಕ ಬೇಕಾದರೆ ಎಲ್ಲಿಂದ, ಎಷ್ಟು ದಿನ ಅನ್ನುವುದನ್ನು ಬಾಯಿಬಿಟ್ಟು ಹೇಳಬೇಕು. ನಾವು ಒಂದು ವರ್ಷ ಅಂತ ಇಟ್ಟಿದ್ದೀವಿ. ಸಾಯುವ ತನಕ ಕೀಬೋರ್ಡ್ ನಿನ್ನದೇ ಅನ್ನುವುದಿಲ್ಲ, ನಾಳೆ ಬೆಳಿಗ್ಗೆ ಕಿತ್ತುಕೊಳ್ಳುವುದೂ ಇಲ್ಲ. ಬದಲಾಯಿಸುವುದಿದ್ದರೆ ಹೋಗುವವರಿಗೆ ಮೊದಲು, ಬರುವವರಿಗೆ ಆಮೇಲೆ, ಸಭೆಗೆ ಕೊನೆಗೆ. ವಾಟ್ಸಾಪ್‌ನಲ್ಲಿ ಪಟ್ಟಿ ಹಾಕಿ ಯಾರನ್ನೂ ತೆಗೆಯುವಂತಿಲ್ಲ. ಕಬ್ಬಿನ ಹಂಗಾಮು ಶುರುವಾದಾಗ ಬರಲು ಆಗದವರು ನಾಚಿಕೆಪಡದೆ ಹೇಳಬೇಕು, ಹಂಗಾಮು ಮುಗಿದ ಮೇಲೆ ಅವರ ಜಾಗ ಅವರಿಗೇ. ಮತ್ತೆ, ಹಿರಿಯರ ಮೀಟಿಂಗ್ ಈಗ ಒಂದು ತಿಂಗಳು ಈಚೆ, ಒಂದು ತಿಂಗಳು ಆಚೆ. ಇದನ್ನು ಕೇಳಿದ್ದು ಅಣ್ಣಾ. ಮೊದಲು ಕಷ್ಟ ಅನ್ನಿಸಿತು, ಈಗ ಆಚೆಯ ಊಟಕ್ಕೇ ನಮ್ಮವರು ಕಾಯ್ತಾರೆ.

2021ರ ಜುಲೈನಲ್ಲಿ ಮತ್ತೆ ಹೊಳೆ ತುಂಬಿ ಬಂತು. ಪರಿಹಾರದ ಕೆಲಸ ಅಣ್ಣಾನಿಗೇ ಕೊಡ್ರಿ ಅಂತ ಕಾಕಾ ತಾವೇ ಹೇಳಿದರು, ರೊಟ್ಟಿ ಕೂಡಿಸುವುದನ್ನು ಮಾತ್ರ ತಾವು ಇಟ್ಟುಕೊಂಡರು. ಆ ಸಲದ ಬ್ಯಾನರ್ ಮೇಲೆ ಎರಡು ನಂಬರು ಇದ್ದವು. ಅಂದ ಮಾತ್ರಕ್ಕೆ ಎಲ್ಲ ಮೊದಲಿನಂತೆ ಆಯಿತು ಅನ್ನಲಾರೆ. ಆ ಗಾಳಿಮಾತು ಕೇಳಿ ಅಣ್ಣಾನ ಮನೆಸಭೆ ಬಿಟ್ಟುಹೋದ ಎರಡು ಕುಟುಂಬಗಳು ಇನ್ನೂ ಎಲ್ಲಿಗೂ ಹೋಗುತ್ತಿಲ್ಲ. ಅವರ ಮನೆಗೆ ನಾನು ಮೂರು ಸಲ ಹೋಗಿದ್ದೀನಿ. ಬಾಗಿಲು ತೆಗೀತಾರೆ, ಚಹಾ ಕೊಡ್ತಾರೆ, ಪ್ರಾರ್ಥನೆ ಬೇಡ ಅಂತಾರೆ. ದಯಮಾಡಿ ಅವರಿಗಾಗಿ ಪ್ರಾರ್ಥಿಸಿರಿ. ಹೆಸರು ಕೇಳಬೇಡಿರಿ.

ಆಯಿ? ಆಯಿ ಈಗ ಸ್ಟೂಲ್ ಮೇಲೆ ಕೂತು ಚಹಾಪುಡಿ, ಸಕ್ಕರೆ ಎಷ್ಟು ಅಂತ ಹೇಳ್ತಾರೆ, ಆ ಇಬ್ಬರು ಸೊಸೆಯಂದಿರು ಮಾಡ್ತಾರೆ. ಸಕ್ಕರೆ ಸ್ವಲ್ಪ ಜಾಸ್ತಿನೇ.

ತಮ್ಮಾ, ಕೀಬೋರ್ಡ್ ಈಗ ಬೇಡ, ನಿಲ್ಲಿಸು. ಕೊನೆಯ ಹಾಡಿಗಿಂತ ಮೊದಲು ನಾವು ಎದ್ದು ತಿರುಗಾಡೋಣ. ಈ ಹಾಲ್‌ನೊಳಗೇ ಹೊಳೆಯ ಆಚೆ ಕೂತವರು ಇದ್ದಾರೆ. ನಿಮಗೆ ಯಾರನ್ನು ಏನು ಕೇಳುವುದಿದೆಯೋ ಹೋಗಿ ಕೇಳಿರಿ. ಗಟ್ಟಿಯಾಗಿ ಬೇಡ, ಪಕ್ಕದಲ್ಲಿ ಕೂತು. ನಾನೂ ಕೆಳಗೆ ಇಳೀತೀನಿ. ಮೂರನೇ ಸಾಲಿನಲ್ಲಿ ಕೂತ ಒಬ್ಬ ಸಹೋದರನ ಹತ್ತಿರ ಹೋದ ತಿಂಗಳಿನಿಂದ ಕೇಳದೇ ಬಿಟ್ಟ ಮಾತು ನನ್ನದೂ ಒಂದಿದೆ. ಊಟ ಅರ್ಧ ತಾಸು ತಡವಾಗಲಿ. ಅಕ್ಕಾ, ಅನ್ನಕ್ಕ ಈಗಲೇ ನೀರು ಇಡಬ್ಯಾಡ್ರಿ.